ಹಾಲು ಬಿಟ್ಟ ಮೇಷ್ಟ್ರು

ಉಬ್ರಾಣಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಚನ್ನಗಿರಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಲು ನಿಂತಿದ್ದೆ. ಬಸ್ಸಿನ ಏಜೆಂಟ ಒಳಗೆ ಇಣುಕಿ, "ಮುಂದ್ಲ ಸೀಟು ಬಿಡ್ರಪ್ಪಾ, ಅಜ್ಜಾರು ಬರ್ತಾರೆ" ಎಂದ. ಪಾಪ, ಯಾರೋ ವಯಸ್ಸಾದವರು ಬರುತ್ತಿರಬೇಕೆಂದು ನಾನು ಪಕ್ಕಕ್ಕೆ ಸರಿದು ಹಿಂದೆ ನೋಡಿದೆ. ಹಿಂದೆ ಒಂದು ಬೇವಿನ ಮರವಿತ್ತು, ಅದರ ಕೆಳಗೆ ಒಂದು ಆಡು ಇತ್ತು. "ನಿಮಗೇ ಹೇಳಿದ್ದು, ಬರ್ರಿ ಅಜ್ಜಾರೇ, ಕಾಲು ಹುಷಾರು" ಎಂದು ಆತ ನನ್ನ ತೋಳು ಹಿಡಿದ. ಆಗ ನನಗೆ ನಲವತ್ತಮೂರು ವರ್ಷ. ಆತನಿಗೆ ಕಡಿಮೆಯೆಂದರೂ ನಲವತ್ತೈದು.

ದಾರಿಯುದ್ದಕ್ಕೂ ಡ್ರೈವರನ ಮುಂದಿದ್ದ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಕತ್ತು ಚಾಚುತ್ತಲೇ ಇದ್ದೆ. ನನ್ನ ಬಲಗಿವಿ ಮಾತ್ರ ಕಾಣುತ್ತಿತ್ತು. ಕಿವಿಯಂತೂ ಎಳೆಯದಾಗಿಯೇ ಇತ್ತು. ಶಿವಮೊಗ್ಗದಲ್ಲಿ ಇಳಿಯುವ ಹೊತ್ತಿಗೆ, ಆತ ತಮಾಷೆಗೆ ಅಂದಿದ್ದಾನೆ ಎಂದು ತೀರ್ಮಾನಿಸಿದ್ದೆ. ಬಸ್ಸು ಬದಲಿಸಿ ನಮ್ಮ ನ್ಯಾಮತಿಯಲ್ಲಿ ಇಳಿಯುವ ಹೊತ್ತಿಗೆ ಆ ತೀರ್ಮಾನ ಉಳಿದಿರಲಿಲ್ಲ.

ನಾನು ಚಿಂತೆ ಮಾಡುವವನು. ಚಿಂತೆ ತಾನಾಗಿ ಬರುವ ತನಕ ಕಾಯುವ ತಾಳ್ಮೆಯೂ ನನಗಿಲ್ಲ, ಎದುರುಗೊಂಡು ಕರೆದುಕೊಂಡು ಬರುತ್ತೇನೆ. ಇದನ್ನು ಬರೆಯಲು ಕೂತಿದ್ದೂ ಅದಕ್ಕೇ. ಬೆಳಗ್ಗೆ ಎದ್ದ ಕೂಡಲೇ ನಾಲಿಗೆ ಚಾಚಿ ಕನ್ನಡಿ ನೋಡುವವರು, ಕೈಯ ನಾಡಿಯನ್ನು ತಾವೇ ಹಿಡಿದು ಕೂರುವವರು ನಮ್ಮ ಕಡೆ ಇನ್ನೂ ಕೆಲವರಾದರೂ ಇರಬೇಕು. ಅವರಿಗೆ ಧೈರ್ಯ ಹೇಳುವ ಯೋಗ್ಯತೆ ನನಗಿಲ್ಲ. ಪಕ್ಕದಲ್ಲಿ ಕೂತು ಒದ್ದಾಡಬಹುದು, ಅಷ್ಟೆ.

ನಮ್ಮಪ್ಪ ನಲವತ್ತಾರಕ್ಕೆ ತೀರಿಕೊಂಡರು. ತೀರಿಕೊಂಡಾಗ ಎಪ್ಪತ್ತರ ಮುದುಕರಂತೆ ಕಾಣುತ್ತಿದ್ದರೆಂದು ನೋಡಿದವರೆಲ್ಲ ಹೇಳುತ್ತಿದ್ದರು. ನಲವತ್ತಾರು ಎಂಬ ಆ ಅಂಕಿ ಅಂದಿನಿಂದ ನನ್ನ ದಾರಿಗೆ ಅಡ್ಡ ನಿಂತಿತ್ತು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕನಿಗೆ ಅದು ಕಾಣಿಸಿಯೇ ಇರಲಿಲ್ಲ. ಅವಳನ್ನು ಜಗಳೂರಿಗೆ ಕೊಟ್ಟಿತ್ತು. ಗಂಡ ಹೋದ ಮೇಲೂ ಬೇಸಾಯ ಬಿಡದೆ, ಮೂರು ಹೊತ್ತಿನ ಲಿಂಗಪೂಜೆ ಬಿಡದೆ, ಜೋಳದ ರೊಟ್ಟಿ ಗಟ್ಟಿ ಮೊಸರು ಬಿಡದೆ ಐವತ್ತು ದಾಟಿದ್ದಳು. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ನಾವಿಬ್ಬರೂ ಜೊತೆಗೆ ನಿಂತರೆ ಹೊಸಬರು ನನ್ನನ್ನೇ ಅಣ್ಣ ಎಂದುಕೊಳ್ಳುತ್ತಿದ್ದರು. ಅವಳಿಗೆ ಅದು ನಗುವ ವಿಷಯ, ನನಗೆ ನಿದ್ದೆ ಕೆಡುವ ವಿಷಯ.

ಆ ನಲವತ್ತಾರರ ಹೆದರಿಕೆಗೆ ಮೂವತ್ತೈದಕ್ಕೇ ಮುಪ್ಪಿನ ವಿರುದ್ಧ ಸಿದ್ಧತೆ ಶುರು ಮಾಡಿದ್ದೆ. ಯಾರು ಏನು ಹೇಳಿದರೂ ಮಾಡುವುದು, ಮೊದಲು ಹೇಳಿದವರದನ್ನೂ ಬಿಡದಿರುವುದು ನನ್ನ ಪದ್ಧತಿ. ಬೆಳಗ್ಗೆ ಬೇವಿನ ಚಿಗುರು, ಆಮೇಲೆ ತ್ರಿಫಲಾ ಚೂರ್ಣ, ಚಳಿಗಾಲದಲ್ಲೂ ತಣ್ಣೀರು. ಕೂದಲು ನೆರೆಯದಿರಲು ಶೀರ್ಷಾಸನ. ನಡುಮನೆಯ ಗೋಡೆಗೆ ಒರಗಿಸಿದ ನನ್ನ ಕಾಲುಗಳನ್ನು ನೋಡಿ ನೋಡಿ ಹೆಂಡತಿ ಗಂಗಮ್ಮನಿಗೆ ಸಾಕಾಗಿತ್ತು. "ಪಟೇಲ್ರು ಬಂದಿದ್ರು. ನಿಮ್ಮ ಅಂಗಾಲಿಗೆ ಶರಣು ಹೇಳಿ ಹೋದ್ರು" ಎಂದು ಒಂದು ದಿನ ವರದಿ ಒಪ್ಪಿಸಿದಳು.

ಇಷ್ಟರಲ್ಲೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನನ್ನ ಮೂವತ್ತೆಂಟನೆಯ ವರ್ಷದಲ್ಲಿ ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ರುದ್ರಪ್ಪನವರು ಎಲ್ಲಿಂದಲೋ ಒಂದು ಕರಪತ್ರ ತಂದರು. ಹಾಲು ಕರುವಿನ ಆಹಾರ, ಅದನ್ನು ಬಿಟ್ಟವನ ರಕ್ತ ತಿಳಿಯಾಗಿ ಮುಪ್ಪು ಹತ್ತಿರ ಸುಳಿಯುವುದಿಲ್ಲ, ಆರು ತಿಂಗಳು ಮಾಡಿ ನೋಡಿ ಎಂಬುದು ಅದರ ಸಾರಾಂಶ. ರುದ್ರಪ್ಪನವರು ತಾವು ಓದಿ ನನಗೆ ದಾಟಿಸಿ, ತಮ್ಮ ಪಾಡಿಗೆ ಹಾಲು ಕುಡಿದುಕೊಂಡಿದ್ದರು. ನಾನು ಶಿವರಾತ್ರಿಯ ದಿನ ಪೂಜೆಗೆ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಹಾಲು ಮೊಸರು ಮಜ್ಜಿಗೆ ಬೆಣ್ಣೆ ತುಪ್ಪ ಮುಟ್ಟುವುದಿಲ್ಲವೆಂದು ಸಂಕಲ್ಪ ಮಾಡಿದೆ. ಆರು ತಿಂಗಳ ಮಟ್ಟಿಗೆ ಎನ್ನಬೇಕಿತ್ತು. ಅಂಗೈಯ ಲಿಂಗಕ್ಕೆ ಗಡುವು ಹೇಳಿ ಮಾತು ಕೊಡುವುದು ಸಂತೆಯ ವ್ಯವಹಾರದಂತೆ ಕಂಡು ನಾಚಿಕೆಯಾಯಿತು. "ಉಸಿರಿರುವ ತನಕ" ಎಂದುಬಿಟ್ಟೆ.

ಎದ್ದು ಬಂದು ಹೇಳಿದಾಗ ಗಂಗಮ್ಮ ಹಾಲು ಕಾಯಿಸುತ್ತಿದ್ದಳು.

"ಯಾರನ್ನ ಕೇಳಿ ಹಂಗಂದ್ರಿ?"

"ಲಿಂಗದ ಮುಂದೆ ಯಾರನ್ನ ಕೇಳಬೇಕು?"

"ಮನೆಯಾಗೆ ಕರೆಯೋ ಎಮ್ಮೆ ಐತೆ. ಅದನ್ನಾರ ಒಂದ್ಮಾತು ಕೇಳ್ಬೇಕಿತ್ತು" ಎಂದು ಪಾತ್ರೆ ಇಳಿಸಿದಳು.

ಊರಲ್ಲಿ ಮಾತ್ರ ನನಗೆ ಬೆಲೆ ಬಂತು. ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುವವರು ನನ್ನ ಎಲೆಯ ಮುಂದೆ ಬಂದಾಗ ಪಕ್ಕದವರು ತಡೆದು, "ಅವ್ರಿಗೆ ಬ್ಯಾಡ್ರಪ್ಪಾ, ಹಾಲು ಬಿಟ್ಟ ಮೇಷ್ಟ್ರು ಅವ್ರು" ಎನ್ನುತ್ತಿದ್ದರು. ನಾನು ಎಲೆ ನೋಡುತ್ತ ವಿನಯದಿಂದ ಕೂರುತ್ತಿದ್ದೆ. ವಿನಯ ಮಾಡಿದಷ್ಟೂ ಹೆಸರು ಹರಡಿತು. ಸುತ್ತಲ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು ತಲೆ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಎಮ್ಮೆ ಕರೆಯುತ್ತಲೇ ಇತ್ತು. ಆ ಹಾಲು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತಿತ್ತು.

ನಾಲ್ಕು ವರ್ಷ ಏನೂ ಆಗಲಿಲ್ಲ. ಐದನೆಯ ವರ್ಷ ಒಂದೊಂದೇ ಶುರುವಾಯಿತು. ಇಲ್ಲಿ ನನ್ನ ದಡ್ಡತನವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಖ ಬಿಳಿಚಿ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಜನ ಅದನ್ನು ನೋಡಿ, "ಮೇಷ್ಟ್ರ ಮುಖದಾಗೆ ಕಳೆ ಬಂದೈತೆ, ವ್ರತದ ಕಳೆ" ಎಂದರು. ನಾನು ನಂಬಿದೆ. ನಾಲಿಗೆ ಸುಲಿದಂತಾಗಿ ಖಾರ ಮುಟ್ಟಿದರೆ ಉರಿಯತೊಡಗಿತು. ಬಾಯಿಚಪಲ ಗೆದ್ದೆನೆಂದುಕೊಂಡೆ. ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ನಿಂತರೂ ನೆಲದ ಬಿಸಿ ತಿಳಿಯುತ್ತಿರಲಿಲ್ಲ. ಅದನ್ನಂತೂ ತಪಸ್ಸಿನ ಫಲವೆಂದು ಒಳಗೊಳಗೇ ಹಿಗ್ಗಿದೆ. ಆದರೆ ಶಾಲೆಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಹಾಜರಿ ಕೂಗುವಾಗ ದಿನಾ ಕೂಗುವ ಹೆಸರೇ ಮರೆತು ನಿಲ್ಲುತ್ತಿದ್ದೆ. ತಲೆ ಒಂದೇ ವರ್ಷದಲ್ಲಿ ಹತ್ತಿಯಂತಾಯಿತು. ಬೆಳಗ್ಗೆ ಯೋಗಿ, ಸಂಜೆ ಮುದುಕ. ಎರಡರ ನಡುವೆ ಓಡಾಡಿಯೇ ಸುಸ್ತಾಗುತ್ತಿದ್ದೆ. ಬಸ್ಸಿನ ಏಜೆಂಟ ನನ್ನ ತೋಳು ಹಿಡಿದದ್ದು ಆ ವರ್ಷವೇ.

ಮುಪ್ಪು ಬಂದೇಬಿಟ್ಟಿತೆಂದು ತಿಳಿದವನು ಏನು ಮಾಡಬೇಕು? ವ್ರತದಲ್ಲಿ ಎಲ್ಲೋ ಸಡಿಲಾಗಿದೆ ಎಂದುಕೊಂಡು ಬಿಗಿ ಮಾಡಿದೆ. ಒಂದು ಹೊತ್ತಿನ ಊಟ ಬಿಟ್ಟೆ. ಬೇಳೆ ಕಡಿಮೆ ಮಾಡಿದೆ. ಗಂಗಮ್ಮ ಒಂದು ದಿನ ನನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದಳು. "ಕಳೆ ಅಲ್ಲ ಇದು. ಸುಣ್ಣ ಬಳಿದಂಗೆ ಐತೆ. ಹೊನ್ನಾಳಿ ಆಸ್ಪತ್ರೆಗೆ ನಡೀರಿ" ಎಂದಳು. ಮುಪ್ಪಿಗೆ ಯಾವ ಆಸ್ಪತ್ರೆ ಎಂದು ನಾನು ಜಗಳವಾಡಿದೆ. ನಿಜ ಹೇಳಬೇಕೆಂದರೆ ಹೆದರಿಕೆಯಾಗಿತ್ತು. ಡಾಕ್ಟರು ಬಾಯಿಬಿಟ್ಟು ಹೇಳುವ ತನಕ ನಾನು ಯೋಗಿಯಾದರೂ ಆಗಿರಬಹುದಿತ್ತು.

ಕೊನೆಗೆ ಒಂದು ಬೆಳಗ್ಗೆ ಶಾಲೆಯಲ್ಲಿ ಕುರ್ಚಿಯ ಮೇಲೆ ಕೂತು ಕೆಳಗೆ ನೋಡಿದರೆ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ದಾರಿಯಲ್ಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ಅಂಗಾಲಿನಲ್ಲಿ ಒಂದು ಜಾಲಿ ಮುಳ್ಳು ಬುಡದ ತನಕ ಇಳಿದು ಕೂತಿತ್ತು. ನೋವಿರಲಿಲ್ಲ. ಅದನ್ನು ಕೀಳುವಾಗಲೂ ನೋವಿರಲಿಲ್ಲ. ಮುಳ್ಳನ್ನು ಬೆರಳಿನಲ್ಲಿ ಹಿಡಿದು ನೋಡುತ್ತ ಕೂತೆ. ತಪಸ್ಸಿನ ಮಾತು ಅವತ್ತು ಬಾಯಿಗೆ ಬರಲಿಲ್ಲ.

ಹೊನ್ನಾಳಿಯ ಸರ್ಕಾರಿ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದೆವು. ನನಗೆ ಕೂರಲಾಗುತ್ತಿರಲಿಲ್ಲ. ಎದ್ದು ಕಿಟಕಿಯಲ್ಲಿ ಇಣುಕುವುದು, ಬಂದು ಕೂರುವುದು, ನನ್ನ ಪಾಳಿ ತಪ್ಪಿಹೋಯಿತೇನೋ ಎಂದು ಮತ್ತೆ ಏಳುವುದು. ಪಕ್ಕದಲ್ಲಿ ಸೂರಗೊಂಡನಕೊಪ್ಪದ ಲಂಬಾಣಿ ಹೆಂಗಸೊಬ್ಬಳು ಮಂಡಿನೋವಿಗೆಂದು ಬಂದಿದ್ದಳು. ನನ್ನನ್ನು ಬಹಳ ಹೊತ್ತು ನೋಡಿ, "ಕುಂದ್ರಪ್ಪಾ ಸಾಮಿ. ನೀನು ಎದ್ದೆದ್ದು ಕುಂತ್ರೆ ಡಾಕ್ಟ್ರು ಓಡಿ ಬರ್ತಾರಾ?" ಎಂದಳು. ಎಲ್ಲರೂ ನಕ್ಕರು. ಆಮೇಲೆ ಅವಳ ಹೆಸರು ಕೂಗಿದಾಗ ಎದ್ದು, "ಮೊದ್ಲು ಇವ್ರನ್ನ ನೋಡ್ರಿ. ಇವ್ರು ಇಲ್ಲೇ ಕುಂತ್ರೆ ನಮಗೂ ಜ್ವರ ಬರ್ತೈತೆ" ಎಂದು ನನ್ನನ್ನು ಒಳಗೆ ದಬ್ಬಿದಳು. ಥ್ಯಾಂಕ್ಸ್ ಹೇಳಲೂ ತೋಚಲಿಲ್ಲ. ಅವಳ ಪಾಳಿ ಆಮೇಲೆ ಸಿಕ್ಕಿತೋ ಇಲ್ಲವೋ ಎಂಬುದು ಎಂಟು ದಿನ ನನ್ನ ಚಿಂತೆಗಳಲ್ಲಿ ಒಂದಾಗಿತ್ತು.

ಡಾಕ್ಟರು ಮೈಸೂರು ಕಡೆಯವರು, ನನಗಿಂತ ಚಿಕ್ಕವರು, ಮೆಲ್ಲಗೆ ಮಾತಾಡುವವರು. ನಾಲಿಗೆ ನೋಡಿದರು, ಮೊಣಕಾಲಿಗೆ ತಟ್ಟಿದರು. "ಕಾಲು ಜೋಡಿಸಿ ನಿಂತ್ಕೊಳ್ಳಿ. ಈಗ ಕಣ್ಣು ಮುಚ್ಚಿ" ಎಂದರು. ಕಣ್ಣು ಮುಚ್ಚಿದೆ. ಕಾಲ ಕೆಳಗಿನ ನೆಲವನ್ನು ಯಾರೋ ಎಳೆದುಕೊಂಡಂತಾಗಿ ಅವರ ಮೈಮೇಲೆಯೇ ಬಿದ್ದೆ. ಅವರು ಅದಕ್ಕೆ ಸಿದ್ಧವಾಗಿಯೇ ನಿಂತಿದ್ದರು. ಬಿದ್ದದ್ದಕ್ಕಿಂತ ಅವರು ಸಿದ್ಧವಾಗಿದ್ದದ್ದು ನನಗೆ ಹೆಚ್ಚು ಹೆದರಿಕೆ ತಂದಿತು.

"ಊಟ ಏನು ಮಾಡ್ತೀರಿ ಮೇಷ್ಟ್ರೇ?"

ಈ ಪ್ರಶ್ನೆಗೆ ನಾನು ಐದು ವರ್ಷದಿಂದ ಕಾಯುತ್ತಿದ್ದೆ. ಹಾಲು ಬಿಟ್ಟದ್ದು, ಮೊಸರು ಬಿಟ್ಟದ್ದು, ಕಾಫಿ ಬಿಟ್ಟದ್ದು, ರಾತ್ರಿಯೂಟ ಬಿಟ್ಟದ್ದು, ಎಲ್ಲವನ್ನೂ ಪಾಠ ಒಪ್ಪಿಸುವಂತೆ ಒಪ್ಪಿಸಿದೆ. ಶಹಭಾಸ್ ಎನ್ನುತ್ತಾರೆಂದು ಕಾದೆ. ಅವರು ಪೆನ್ನು ಕೆಳಗಿಟ್ಟರು.

"ಏನೇನು ಬಿಟ್ಟಿದೀರಿ ಅಂತ ಹೇಳಿದಿರಿ. ಏನು ತಿಂತೀರಿ, ಅದನ್ನ ಹೇಳಿ."

ಅದಕ್ಕೆ ಉತ್ತರ ಬಹಳ ಚಿಕ್ಕದಾಯಿತು.

ಮೊದಲು ಹೊಟ್ಟೆಹುಳಕ್ಕೆ ಔಷಧ ಕೊಟ್ಟರು, ಆಮೇಲೆ ಹಲ್ಲು ಕಪ್ಪಾಗಿಸುವ ಕಬ್ಬಿಣದ ಮಿಕ್ಸ್ಚರು. ಎರಡು ತಿಂಗಳು ಕುಡಿದರೂ ಮುಖದ ಕಳೆ ಹೋಗಲಿಲ್ಲ. ಬೆರಳು ಚುಚ್ಚಿ ಗಾಜಿನ ತುಂಡಿಗೆ ರಕ್ತ ಸವರಿ ಬೆಂಗಳೂರಿಗೆ ಕಳಿಸಿದರು. ಮೂರು ವಾರ ಉತ್ತರವಿಲ್ಲ. ಅಷ್ಟು ದಿನ ನಾನು ನ್ಯಾಮತಿಯ ಅಂಚೆಯಾಳನ್ನು ಕಂಡರೆ ಬೀದಿ ಬದಲಿಸುತ್ತಿದ್ದೆ, ಮರುಗಳಿಗೆಯೇ ಹಿಂದೆ ಓಡಿ, "ನನಗೇನಾದ್ರೂ ಐತೇನಪ್ಪಾ?" ಎಂದು ಕೇಳುತ್ತಿದ್ದೆ. ಉತ್ತರ ಬರಬೇಕಾಗಿದ್ದದ್ದು ಆಸ್ಪತ್ರೆಗೆ, ನನಗಲ್ಲ ಎಂದು ಅವನು ಎರಡು ಸಲ ತಿಳಿಸಿ ಹೇಳಿದ.

ಉತ್ತರ ಬಂದ ದಿನ ಡಾಕ್ಟರು ಬಾಗಿಲು ಮುಂದೆ ಮಾಡಿ ನನ್ನನ್ನೂ ಗಂಗಮ್ಮನನ್ನೂ ಕೂರಿಸಿದರು. "ಮೇಷ್ಟ್ರೇ, ಇದು ಮುಪ್ಪಲ್ಲ" ಎಂದರು. ಅರ್ಧ ನಿಮಿಷ ನನ್ನಷ್ಟು ಸುಖಿ ಯಾರೂ ಇರಲಿಲ್ಲ. "ಹಾಲು ಮೊಸರು ಎಲ್ಲ ಬಿಟ್ಟು ಬಿಟ್ಟು ರಕ್ತ ತಯಾರಾಗೋದೇ ನಿಂತಿದೆ. ನರಗಳಿಗೂ ಇಳಿದಿದೆ, ಇನ್ನು ಬರೀ ಹಾಲು ಮೊಸರಿಗೆ ಬಗ್ಗೋದಲ್ಲ. ಹೀಗೇ ಬಿಟ್ಟರೆ ಮೊದಲು ಕಾಲು ಹೋಗುತ್ತೆ. ಮುಂದಿನ ಯುಗಾದಿ ನೋಡೋದು ಕಷ್ಟ." ಅಂದರೆ ನಮ್ಮಪ್ಪನ ವಯಸ್ಸಿಗಿಂತಲೂ ಮೊದಲೇ.

"ಔಷಧ ಇಲ್ಲವೇ?" ಎಂದೆ.

"ಇದೆ. ಸೂಜಿಮದ್ದು. ಒಳ್ಳೆಯ ಮದ್ದು." ನನ್ನ ಹಣೆಯ ವಿಭೂತಿಯನ್ನು ನೋಡುತ್ತ ಹೇಳಿದರು: "ಪ್ರಾಣಿಗಳ ಯಕೃತ್ತಿನಿಂದ ತೆಗೆದ ರಸ ಅದು. ಮುಚ್ಚಿಟ್ಟು ಚುಚ್ಚೋದು ನನಗೆ ಇಷ್ಟವಿಲ್ಲ. ಯೋಚನೆ ಮಾಡಿ ಬನ್ನಿ. ಬಹಳ ದಿನ ಮಾಡಬೇಡಿ."

ಗಂಗಮ್ಮನಿಗೆ ಯಕೃತ್ತು ಎಂದರೆ ತಿಳಿಯಲಿಲ್ಲ. ಬಾಗಿಲ ಒಳಬದಿ ನಿಂತಿದ್ದ ಕಂಪೌಂಡರ್ ಕರೀಂ ಸಾಹೇಬರು ತಲೆ ತಗ್ಗಿಸಿಕೊಂಡು, "ಕಲೇಜಿ ಅಮ್ಮಾ. ಕುರಿ ಕಲೇಜಿ" ಎಂದರು.

ಬಸ್ಸು ಹತ್ತಿದೆವು. ಹಾಲು ಕೂಡ ಬೇಡವೆಂದವನು ನಾನು. ನಮ್ಮ ಮನೆತನದಲ್ಲಿ ಮೊಟ್ಟೆಯ ಸಿಪ್ಪೆ ತುಳಿದರೂ ಸ್ನಾನ ಮಾಡುವವರಿದ್ದಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮೈಗೆ ಅದನ್ನು ಇಳಿಸಿಕೊಂಡರೆ ಆಮೇಲೆ ಯಾವ ಕೈಯಲ್ಲಿ ಪೂಜೆ ಮಾಡಲಿ, ಯಾರ ಪಂಕ್ತಿಯಲ್ಲಿ ಕೂರಲಿ? ಎಲ್ಲಕ್ಕಿಂತ, ಅಕ್ಕನ ಮುಂದೆ ಹೇಗೆ ನಿಲ್ಲಲಿ? ಅವಳ ಮನೆಯಲ್ಲಿ ಪೂಜೆಯಾಗದೆ ಒಲೆಯ ಬೂದಿಯನ್ನೂ ತೆಗೆಯುವುದಿಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳು.

ಮಠದ ಅಯ್ಯನವರಿಗೆ ಒಂದು ಕಾಗದ ಬರೆದು ಅಪ್ಪಣೆ ಕೇಳೋಣವೆಂದು ಕೂತೆ. ಒಂದು ಬರೆದು ಹರಿದೆ, ಇನ್ನೊಂದು ಬರೆದು ಹರಿದೆ. ಮೂರನೆಯದನ್ನು ಗಂಗಮ್ಮ ತಾನೇ ತೆಗೆದುಕೊಂಡು ಒಲೆಗೆ ಹಾಕಿದಳು.

"ಅಯ್ಯನೋರನ್ನ ಯಾಕೆ ಇಕ್ಕಟ್ಟಿಗೆ ಹಾಕ್ತೀರಿ? ಬ್ಯಾಡ ಅಂದ್ರೆ ನನ್ನ ಬಳೆ ಒಡೀಬೇಕು. ಹೂಂ ಅಂದ್ರೆ ಅವ್ರ ಹೆಸ್ರು ಕೆಡಬೇಕು. ಅವ್ರೇನು ಪಾಪ ಮಾಡ್ಯಾರೆ?"

"ಹಂಗಾದ್ರೆ ಯಾರನ್ನ ಕೇಳಲಿ?"

"ಹಾಲು ಬಿಡಾಕೆ ಯಾರನ್ನ ಕೇಳಿದ್ರಿ?"

ಅವಳು ಒಳಗೆ ಹೋಗಿ ಒಂದು ದೊಡ್ಡ ಲೋಟದ ತುಂಬ ಮಜ್ಜಿಗೆ ತಂದು ನನ್ನ ಮುಂದೆ ಇಟ್ಟಳು. "ಮೊದ್ಲು ಇದು. ಮುರಿದ ಪಾಪ ನನಗಿರ್ಲಿ, ಕುಡೀರಿ." ಐದು ವರ್ಷದ ಹೆಸರು, ಪಂಕ್ತಿಯ ಮರ್ಯಾದೆ, ಮುಟ್ಟಿದ ಮಕ್ಕಳ ತಲೆಗಳೆಲ್ಲ ಕಣ್ಣ ಮುಂದೆ ಬಂದವು. ಕುಡಿದೆ. ಸುಲಿದ ನಾಲಿಗೆಗೆ ಅದು ಎಷ್ಟು ತಂಪಾಗಿತ್ತೆಂದರೆ, ಪಶ್ಚಾತ್ತಾಪ ಪಡುವುದನ್ನು ಲೋಟ ಕೆಳಗಿಡುವ ತನಕ ಮುಂದೂಡಿದೆ. ಮರುದಿನ ಹೊನ್ನಾಳಿಗೆ ಹೋದೆವು.

ಸೂಜಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮದ್ದು ಕಂದು ಬಣ್ಣದ್ದು, ನೋವು ಎರಡು ದಿನದ್ದು. ಮೊದಲ ಸಲ ಗಂಗಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು. ನಾನು ಲಿಂಗವನ್ನು ಕೊರಳಿನಿಂದ ತೆಗೆದು ಅವಳ ಕೈಯಲ್ಲಿ ಕೊಟ್ಟಿದ್ದೆ. ಚುಚ್ಚಿಸಿಕೊಂಡ ಮೇಲೆ ತಿರುಗಿ ಕಟ್ಟಿಕೊಳ್ಳಲೋ ಬೇಡವೋ ಎಂದು ಅರ್ಧ ಗಂಟೆ ಕೂತೆ. "ಅದೇನು ನಿಮ್ಮ ಹಂಗೆ ಚಿಂತೆ ಮಾಡ್ತೈತಾ? ಕಟ್ಕಳ್ರಿ" ಎಂದು ಅವಳೇ ಕಟ್ಟಿದಳು.

ಎಂಟು ಹತ್ತು ದಿನಕ್ಕೆ ಒಂದು ಮಧ್ಯಾಹ್ನ ಪಾಠದ ನಡುವೆ ಏನೋ ಒಳಗೆ ಕೆರೆದಂತಾಯಿತು. ಇನ್ನೊಂದು ರೋಗ ಶುರುವಾಯಿತೆಂದು ಬೆವರಿದೆ. ಆಮೇಲೆ ತಿಳಿಯಿತು, ಹಸಿವು. ಒಂದು ವರ್ಷದಿಂದ ಅದರ ಗುರುತೇ ಮರೆತುಹೋಗಿತ್ತು. ತಿಂಗಳು ಕಳೆಯುವುದರೊಳಗೆ ಕೆಂಪು ಚಟ್ನಿ ತಿಂದು, ಖಾರಕ್ಕೆ ಕಣ್ಣೀರು ಬಂದು, ಆ ನೆಪದಲ್ಲಿ ಸ್ವಲ್ಪ ಅತ್ತೆ. ಊರವರು ಮಾತ್ರ, "ಮೇಷ್ಟ್ರ ಮುಖದ ಕಳೆ ಇಳಿದೋತಲ್ಲ" ಎಂದು ನೊಂದುಕೊಂಡರು.

ಆಗ ಎರಡನೆಯ ಮಹಾಯುದ್ಧ ಬಂತು. ಮದ್ದು ಹೊರದೇಶದ್ದು. ಮೊದಲು ತಡವಾಯಿತು, ಆಮೇಲೆ ನಿಂತೇಹೋಯಿತು. ಶಿವಮೊಗ್ಗದಲ್ಲಿಲ್ಲ, ಬೆಂಗಳೂರಿನಲ್ಲಿಲ್ಲ. ಯುದ್ಧದ ಸುದ್ದಿಯನ್ನು ಊರವರೆಲ್ಲ ಗೆಲುವು ಸೋಲಿಗಾಗಿ ಓದುತ್ತಿದ್ದರೆ, ನಾನು ಹಡಗುಗಳ ಸುದ್ದಿಯನ್ನಷ್ಟೇ ಹುಡುಕುತ್ತಿದ್ದೆ. ಮುಳುಗಿದ ಪ್ರತಿ ಹಡಗಿನಲ್ಲೂ ನನ್ನ ಮದ್ದು ಇತ್ತು. ಎರಡೇ ತಿಂಗಳಲ್ಲಿ ಮೆಟ್ಟಿಲ ಮೇಲಿನ ಏದುಸಿರು ವಾಪಸು ಬಂತು.

ಡಾಕ್ಟರು ಕರೆದು ಹೇಳಿದರು, "ಮದ್ದು ಬರೋ ತನಕ ಒಂದೇ ದಾರಿ. ಆ ಪದಾರ್ಥವನ್ನೇ ಬೇಯಿಸಿ ತಿನ್ನಬೇಕು."

ಸೂಜಿ ಎಂದರೆ ಸೂಜಿ. ಅದು ತೋಳಿನ ವ್ಯವಹಾರ, ಕಣ್ಣು ಮುಚ್ಚಿದರೆ ಮುಗಿಯಿತು. ಇದು ಬಾಯಿ. ಎರಡು ದಿನ ಹೊನ್ನಾಳಿಯ ಹೊಳೆಯ ದಂಡೆಯಲ್ಲಿ ಅತ್ತಿಂದಿತ್ತ ನಡೆದೆ. ಮೂರನೆಯ ದಿನ ಕರೀಂ ಸಾಹೇಬರು ಹುಡುಕಿಕೊಂಡು ಬಂದರು. "ಮೇಷ್ಟ್ರೇ, ಫಿಕರ್ ಬ್ಯಾಡ. ನಮ್ಮ ಮನೆಯಾಗೆ ಬೇಯಿಸಿ, ಅರೆದು, ನಿಂಬೆಹಣ್ಣು ಹಿಂಡಿ ತರ್ತೀನಿ. ಔಷಧ ಅನ್ನೋ ಮಾತು ಬಿಟ್ಟು ಬ್ಯಾರೆ ಮಾತು ಆಡಂಗಿಲ್ಲ" ಎಂದರು. ಅವರು ಅದನ್ನು ತಂದದ್ದು ಆಸ್ಪತ್ರೆಯ ಅಗಲ ಬಾಯಿಯ ಔಷಧದ ಬಾಟಲಿಯಲ್ಲಿ. ಪಕ್ಕಕ್ಕೆ ಒಂದೊಂದು ವೇಳೆಗೆ ಎಷ್ಟೆಂಬ ಗುರುತಿನ ಕಾಗದ ಅಂಟಿಸಿ, ಮೇಲೆ ಸ್ವಂತ ಅಕ್ಷರದಲ್ಲಿ "ಊಟಕ್ಕೆ ಮೊದಲು" ಎಂದು ಬರೆದಿದ್ದರು. ಕಟ್ಟೆಯ ಮೇಲೆ ಕೂತವರು ಯಾರೂ ತಿರುಗಿ ನೋಡಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಮೂಗು ಹಿಡಿದು ನುಂಗಿದೆ. ವಾಂತಿಯಾಯಿತು. ಅವರು ನೆಲ ಒರೆಸಿ ಎರಡನೆಯ ಬಾಟಲಿ ತೆಗೆದರು. "ಒಂದು ಹೋಗ್ತೈತೆ ಅಂತ ಎರಡು ತಂದಿದ್ದೆ" ಎಂದರು.

ಬೇಸಿಗೆ ರಜದಲ್ಲಿ ಗಂಗಮ್ಮನ ಜೊತೆ ಹೊನ್ನಾಳಿಯಲ್ಲೇ ಒಂದು ಕೋಣೆ ಹಿಡಿದು ನಲವತ್ತು ದಿನ ಅದನ್ನು ತಿಂದೆ. ಅವಳಿಗೆ ನಾನು ಹೇಳಲಿಲ್ಲ, ಮಾತ್ರೆ ಎಂದೆ. ಅವಳು ಕೇಳಲೂ ಇಲ್ಲ. ಎರಡನೆಯ ದಿನದಿಂದ ನನ್ನ ಕೋಟಿನ ಜೇಬಿನಲ್ಲಿ ನಾಲ್ಕು ಏಲಕ್ಕಿ ಇರುತ್ತಿದ್ದವು. ಮುಗಿದರೆ ಮತ್ತೆ ಬರುತ್ತಿದ್ದವು.

ಸೂಜಿಮದ್ದು ಮತ್ತೆ ಬಂತು. ಉಸಿರು ನೆಟ್ಟಗಾಯಿತು, ಮಕ್ಕಳ ಹೆಸರು ನೆನಪಿಗೆ ಬಂದವು. ಕಾಲ್ಬೆರಳುಗಳು ಮಾತ್ರ ಇವತ್ತಿಗೂ ಯಾರದ್ದೋ ಎರವಲು ಬೆರಳುಗಳಂತೆಯೇ ಇವೆ. ತಲೆ ಬೆಳ್ಳಗೇ ಉಳಿಯಿತು. ಮುಂದೂ ಹದಿನೈದು ದಿನಕ್ಕೊಮ್ಮೆ, ಇರುವಷ್ಟು ಕಾಲವೂ ಸೂಜಿ ಬೇಕೆಂದರು ಡಾಕ್ಟರು. ಅಷ್ಟರಲ್ಲಿ ನನಗೆ ಜಗಳೂರಿಗೆ ವರ್ಗವಾಯಿತು. ಅಕ್ಕ ಕಾಗದ ಬರೆಸಿದಳು: ಬೇರೆ ಮನೆ ಸಿಗುವ ತನಕ ನಮ್ಮಲ್ಲೇ ಇರತಕ್ಕದ್ದು. ಅವಳಿಗೆ ನನಗೆ ಕಾಯಿಲೆಯಾದದ್ದು ಗೊತ್ತಿತ್ತು, ವಾಸಿಯಾದ ಬಗೆ ಗೊತ್ತಿರಲಿಲ್ಲ.

ಗಂಗಮ್ಮ ಮನೆ ಖಾಲಿ ಮಾಡಿಸಿ, ಎಮ್ಮೆ ಮಾರಿ ಆಮೇಲೆ ಬರುವುದೆಂದಾಯಿತು. "ಅಕ್ಕಗೆ ಹೇಳ್ಬ್ಯಾಡ್ರಿ. ಆಸ್ಪತ್ರೆಗೆ ಹೋಗಿ ಬಂದ್ರೆ ಯಾರಿಗೆ ತಿಳೀತೈತೆ?" ಎಂದಳು. ಹೌದೆನಿಸಿತು. ಪೆಟ್ರೋಲಿಗೆ ಬರವಿದ್ದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸು ದಾವಣಗೆರೆಯಿಂದ ಜಗಳೂರಿಗೆ ಹೊತ್ತು ತಗೊಂಡು, ಏರಿನಲ್ಲಿ ನಿಂತು ನಿಂತು ಹೋಯಿತು. ನಿಂತಲ್ಲೆಲ್ಲ ನಾನು ಹೇಳಬಾರದೆಂದು ನಿಶ್ಚಯಿಸಿದೆ. ಆದರೆ ಅಕ್ಕ ತನ್ನ ಪೂಜೆಯ ಪ್ರಸಾದವನ್ನು ಮೊದಲು ನನ್ನ ಕೈಗೆ ಹಾಕಿ ಆಮೇಲೆ ತಾನು ತಗೊಳ್ಳುವವಳು. ಚಿಕ್ಕಂದಿನಿಂದ ಹಾಗೇ. ನನ್ನ ಕೈ ಎಂಥದೆಂದು ತಿಳಿಯದೆ ಅವಳು ತಗೊಳ್ಳುವುದನ್ನು ನೋಡಿಕೊಂಡು ಕೂರುವ ಗಟ್ಟಿತನ ನನ್ನಲ್ಲಿರಲಿಲ್ಲ.

ಜಗಲಿಯ ಮೇಲೆ ಟ್ರಂಕು ಇಳಿಸಿ, ಒಳಗೆ ಹೋಗದೆ ನಿಂತೆ.

"ಬಾರೋ ತಮ್ಮಾ. ಬಿಸಿಲಾಗೆ ಯಾಕೆ ನಿಂತೀಯಾ?"

"ಅಕ್ಕಾ, ಒಳಗೆ ಬರಾಕಿಂತ ಮೊದ್ಲು ಒಂದು ಮಾತು" ಎಂದೆ. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹಿಂದುಮುಂದಾಗಿ, ಸೂಜಿಗಿಂತ ಮೊದಲು ಬಾಟಲಿಯನ್ನೇ ಹೇಳಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ಕೇಳಿದಳು.

"ಬಾಯಿಂದ ತಿಂದ್ಯಾ?"

"ಬಾಯಿಂದಲೇ."

"ಎಷ್ಟು ದಿನ?"

"ನಲವತ್ತು ದಿನ."

ಚೌಕಟ್ಟಿನಿಂದ ಕೈ ತೆಗೆದಳು. ಆಮೇಲೆ, "ಹಾಲು ಬ್ಯಾಡ ಅಂದೋನು ಹೋಗಿ ಹೋಗಿ ಕುರಿಗೆ ಬಂದ್ಯಲ್ಲೋ. ನನಗೊಂದು ಮಾತು ಹೇಳಿದ್ರೆ ಎಮ್ಮೆ ಹೊಡ್ಕಂಡು ನ್ಯಾಮತಿಗೇ ಬರ್ತಿದ್ನಲ್ಲ" ಎಂದಳು. ನಗಲಿಲ್ಲ. ಒಳಗೆ ಹೋದಳು. ಟ್ರಂಕು ಎತ್ತಿಕೊಂಡು ಬಸ್ಸಿನ ಕಡೆ ಹೋಗಬೇಕೋ ಏನೋ ತಿಳಿಯದೆ ನಿಂತೆ.

ಅಕ್ಕ ಬಿಂದಿಗೆಯಲ್ಲಿ ನೀರು ತಂದು ಜಗಲಿಯ ಅಂಚಿಗಿಟ್ಟು ದೂರ ಸರಿದಳು. "ಕಾಲು ತೊಳಕೋ." ನಾನು ತಂಬಿಗೆಯಿಂದ ಕಾಲ ಮೇಲೆ ಸುರಿದುಕೊಂಡೆ. ಹಬೆ ಏಳುತ್ತಿತ್ತು. ನಾನು ಗಮನಿಸಲಿಲ್ಲ, ಅವಳು ಗಮನಿಸಿದಳು. ಓಡಿ ಬಂದು ಬಿಂದಿಗೆಗೆ ಬೆರಳು ಅದ್ದಿ, ಚಟ್ಟನೆ ತೆಗೆದಳು. ತಣ್ಣೀರು ಬೆರೆಸುವುದನ್ನು ಮರೆತು ಹಂಡೆಯ ನೀರನ್ನೇ ತಂದಿದ್ದಳು.

"ಸುಡಂಗಿಲ್ಲೇನೋ ನಿನಗೆ?"

"ಗೊತ್ತಾಗಲ್ಲ ಅಕ್ಕಾ."

ಕೆಂಪಾಗಿದ್ದ ನನ್ನ ಕಾಲನ್ನು ನೋಡುತ್ತ ಕೂತುಬಿಟ್ಟಳು. ತಣ್ಣೀರು ತಂದು ತಾನೇ ಹಾಕಿದಳು. ಹಾಕುವಾಗ ಮಾತ್ರ ಮುಟ್ಟಲಿಲ್ಲ.

ಅವತ್ತು ನನಗೆ ನಡುಮನೆಯಲ್ಲಿ ತಟ್ಟೆ ಹಾಕಿದಳು. ತಾನು ಅಡುಗೆಮನೆಯಲ್ಲಿ, ಹೊಸ್ತಿಲಿನ ಆಚೆ ಕೂತಳು. ಪ್ರಸಾದ ಕೈಗೆ ಹಾಕಲಿಲ್ಲ, ತಟ್ಟೆಯ ಅಂಚಿಗಿಟ್ಟಳು. ಗಟ್ಟಿ ಮೊಸರು ಮಾತ್ರ ಕೇಳದೆ ಬಡಿಸಿದಳು. ಎರಡು ತಿಂಗಳು ಹೀಗೇ ನಡೆಯಿತು. ಎಮ್ಮೆಗೆ ಗಿರಾಕಿ ಸಿಗದೆ ಗಂಗಮ್ಮ ಇನ್ನೂ ನ್ಯಾಮತಿಯಲ್ಲೇ ಇದ್ದಳು. ನನಗೆ ದೂರಲು ಬಾಯಿರಲಿಲ್ಲ. ಅವಳು ನಂಬಿದ್ದನ್ನು ನಾನೂ ನಂಬಿದವನೇ. ಹದಿನೈದು ದಿನಕ್ಕೊಮ್ಮೆ ಏನೂ ಹೇಳದೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದೆ, ಅವಳು ಏನೂ ಕೇಳುತ್ತಿರಲಿಲ್ಲ.

ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಸಲ, ಎಲ್ಲವನ್ನೂ ಚಿಂತಿಸುವ ನಾನು ಅದೊಂದನ್ನು ಮರೆತೆ. ಬೆಳಗ್ಗೆ ಶಾಲೆಗೆ ಹೊರಟು ನಿಂತಾಗ ಒಳಗಿನಿಂದ ಅಕ್ಕನ ದನಿ ಬಂತು.

"ಇವತ್ತು ಸೂಜಿ ದಿನ ಅಲ್ಲೇನೋ?"

ದಿನ ಎಣಿಸಿ ನೋಡಿದೆ. ಸರಿಯಾಗಿತ್ತು.

"ಹೌದು" ಎಂದೆ.

"ಹಂಗಾರೆ ಮೊದ್ಲು ಅದನ್ನ ಮುಗಿಸ್ಕಂಡು ಬಾ."

ತೋಳು ಉಜ್ಜಿಕೊಳ್ಳುತ್ತ ಮನೆಗೆ ಬಂದಾಗ ಅವಳ ಪೂಜೆ ಮುಗಿದಿತ್ತು. ನಡುಮನೆಯಲ್ಲಿ ಎರಡು ತಟ್ಟೆಗಳಿದ್ದವು. "ಹಾಕಿಸ್ಕಂಡ್ಯಾ?" ಎಂದಳು. ತಲೆಯಾಡಿಸಿದೆ. "ಕೈ ಚಾಚು" ಎಂದು ಪ್ರಸಾದ ಹಾಕಿದಳು, ಆಮೇಲೆ ತಾನು ತಗೊಂಡಳು. "ಕುಂದ್ರು, ರೊಟ್ಟಿ ಆರ್ತೈತೆ."